ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ 14,000 ಕಿ.ಮೀ. ಸರಿ, ಆದರೆ ಹೋಗೋಕೊಂದು ಟೈಮ್, ಬರೋಕೊಂದು ಟೈಮ್ ಯಾಕೆ?

ಸನ್ನಿವೇಲ್ ಸೊಸೆ
ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಗೆ ಅಪ್ಪ ಅಮ್ಮ ನಮ್ಮ ಮನೆಗೆ ಬರುತ್ತಿದ್ದಾರೆ. ಅಪ್ಪ ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಲೆಕ್ಕ ಸರಿಹೋಗದೆ ಇದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಹಿಂದೆ ನೇರ ವಿಮಾನದಲ್ಲಿ ಬಂದಿದ್ದ ಹಳೇ ಟಿಕೆಟ್ ಎತ್ತಿಟ್ಟುಕೊಂಡು ಫೋನ್ ಮಾಡಿದ್ದರು. "ದೂರ 14,000 ಕಿಲೋಮೀಟರ್, ವಿಮಾನದ ವೇಗ 900. ಹದಿನೈದೂವರೆ ಗಂಟೆ ಆಗಬೇಕು. ನಿಮ್ಮ ಊರಿಗೆ ಬರುವಾಗ ಸುಮಾರು 16, ವಾಪಸ್ ಹೋಗುವಾಗ 17ಕ್ಕೂ ಜಾಸ್ತಿ. ದಾರಿ ಒಂದೇ ತಾನೇ, ಒಂದೂವರೆ ಗಂಟೆ ಎಲ್ಲಿಗೆ ಹೋಯಿತು?" ಅಂತ.

ನನಗೆ ಗೊತ್ತಿರುವುದು ಗಾಳಿಯ ಕಾರಣ ಅನ್ನುವುದಷ್ಟೇ. ಅಪ್ಪ ಅಷ್ಟಕ್ಕೆ ಒಪ್ಪುವವರಲ್ಲ. ಇನ್ನೊಂದು ಪ್ರಶ್ನೆ: ಈ ಸಲ ಒಂದು ಕಡೆ ಇಳಿದು ಹತ್ತುವ ಟಿಕೆಟ್ ನೋಡುತ್ತಿದ್ದೇವೆ. ಅಮ್ಮನಿಗೆ ಮಂಡಿ ನೋವು. ಯಾವ ಊರಿನ ಮೇಲೆ ಬಂದರೆ ದೂರ ಕಮ್ಮಿ?

ರನ್‌ವೇ ರಾಯ
ಗಾಳಿಯೇ ಕಾರಣ, ನೀವು ಹೇಳಿದ್ದು ಸರಿ. ನೆಲದಿಂದ ಹತ್ತು ಹನ್ನೆರಡು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಪಟ್ಟಿ ಇದೆ, ಜೆಟ್ ಸ್ಟ್ರೀಮ್ ಅಂತಾರೆ. 900 ಅನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲದ ಮೇಲಿನ ವೇಗ ಅಲ್ಲ. ತುಂಗಭದ್ರೆಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಟ್ಟು ಹಾಕುವ ಕೈ ಅದೇ, ದಡ ಓಡುವ ವೇಗ ಬೇರೆ.

ಅಪ್ಪನಿಗೆ ಈ ಲೆಕ್ಕ ಕೊಡಿ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ಗಾಳಿ ಹಿಂದಿನಿಂದ ತಳ್ಳಿದರೆ 14,000 ಭಾಗಿಸು 950, ಹದಿನಾಲ್ಕು ಮುಕ್ಕಾಲು ಗಂಟೆ. ಅದೇ ಗಾಳಿ ಎದುರಿಗೆ ಬಂದರೆ 14,000 ಭಾಗಿಸು 850, ಹದಿನಾರೂವರೆ. ಅಲ್ಲಿಗೆ ಒಂದು ಮುಕ್ಕಾಲು ಗಂಟೆ ವ್ಯತ್ಯಾಸ ಬಂತು. ಸುತ್ತು ದಾರಿ, ಏರುವುದು, ಇಳಿಯುವುದು ಮೇಲಿನ ಖರ್ಚು.

ಪುಳಿಯೋಗರೆ ಪ್ರೇಮಿ
ಟಿಕೆಟ್‌ನಲ್ಲಿ ಇರುವ ಟೈಮ್ ಬಾಗಿಲು ಮುಚ್ಚಿ ಗೇಟ್ ಬಿಟ್ಟಲ್ಲಿಂದ ಆ ಕಡೆ ಗೇಟ್ ಸೇರುವವರೆಗೆ. ರನ್‌ವೇ ಕಡೆ ತೆವಳುವುದು, ಸಾಲಿನಲ್ಲಿ ಕಾಯುವುದು ಎಲ್ಲ ಅದರಲ್ಲೇ. ಲೇಟ್ ಅಂತ ಕೆಟ್ಟ ಹೆಸರು ಬರಬಾರದು ಅಂತ ಕಂಪನಿಯವರು ಮೇಲೆ ಸ್ವಲ್ಪ ಸೇರಿಸಿಯೂ ಇಟ್ಟಿರುತ್ತಾರೆ. ಅದಕ್ಕೇ ಅರ್ಧ ಗಂಟೆ ಲೇಟಾಗಿ ಹೊರಟ ವಿಮಾನ ಕರೆಕ್ಟ್ ಟೈಮಿಗೆ ಇಳಿಯುತ್ತದೆ, ನಾವು ಪೈಲಟ್‌ಗೆ ಚಪ್ಪಾಳೆ ಹೊಡೆಯುತ್ತೇವೆ.

ಹುಬ್ಬಳ್ಳಿ ಹೈದ
ಅದೆಲ್ಲಾ ಬಿಡ್ರಿ. ಜಯನಗರದಿಂದ ದೇವನಹಳ್ಳಿಗೆ ಹೋಗೋ ಟೈಮ್ ಯಾರು ಸೇರಿಸ್ತಾರ? ಸಂಜಿ ಆರಕ್ಕ ಮನಿ ಬಿಟ್ರ ಅದೇ ಒಂದು ಅಂತಾರಾಷ್ಟ್ರೀಯ ಪ್ರಯಾಣ.

ಬೈಟೂ ಕಾಫಿ
ನನಗೊಂದು ಡೌಟು, ನಗಬೇಡಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಅಂದರೆ ಪಶ್ಚಿಮಕ್ಕೆ ಹೋದರೆ ಊರೇ ನಮ್ಮ ಕಡೆ ಬರುತ್ತದೆ, ಬೇಗ ತಲುಪಬೇಕು ಅಲ್ವಾ? ಇಲ್ಲಿ ಉಲ್ಟಾ ಆಗಿದೆ. ಹೆಲಿಕಾಪ್ಟರ್ ಸುಮ್ನೆ ಮೇಲೆ ನಿಂತರೂ ಅಮೆರಿಕಾ ಕಾಲಡಿಗೆ ಬರಬೇಕು.

ಭೂಗೋಳ ಮೇಷ್ಟ್ರು
ಎಂಟನೇ ಕ್ಲಾಸಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಕೇಳುವ ಪ್ರಶ್ನೆ. ಒಳ್ಳೇ ಪ್ರಶ್ನೆ ಕೂಡ. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,620 ಕಿ.ಮೀ. ವೇಗದಲ್ಲಿ ತಿರುಗುತ್ತಿದೆ. ಅದರ ಜೊತೆ ಗಾಳಿಯೂ ತಿರುಗುತ್ತದೆ, ನಿಂತ ಹೆಲಿಕಾಪ್ಟರೂ ತಿರುಗುತ್ತದೆ. ಹಾಗಾಗದಿದ್ದರೆ ನಮ್ಮ ಮೇಲೆ ಸದಾ 1,620 ಕಿ.ಮೀ. ವೇಗದ ಬಿರುಗಾಳಿ ಹೊಡೆಯುತ್ತಿರಬೇಕಿತ್ತು.

ಆದರೆ ಭೂಮಿಯ ತಿರುಗುವಿಕೆಗೂ ಜೆಟ್ ಸ್ಟ್ರೀಮ್‌ಗೂ ಸಂಬಂಧ ಇದೆ. ಬಿಸಿ ಗಾಳಿ ಭೂಮಧ್ಯರೇಖೆಯ ಕಡೆಯಿಂದ ಧ್ರುವದ ಕಡೆಗೆ ಹೊರಟಾಗ ಭೂಮಿ ತಿರುಗುತ್ತಿರುವುದರಿಂದ ಪೂರ್ವಕ್ಕೆ ಬಾಗುತ್ತದೆ. ಬಿಸಿಗೂ ತಣ್ಣಗಿಗೂ ವ್ಯತ್ಯಾಸ ಜಾಸ್ತಿಯಾದಷ್ಟು ಗಾಳಿಗೆ ಜೋರು. ಆದ್ದರಿಂದ ಚಳಿಗಾಲದಲ್ಲಿ ಅದರ ಆರ್ಭಟ ಹೆಚ್ಚು.

ಬೈಟೂ ಕಾಫಿ
ಪೂರ್ವಕ್ಕೆ ಬಾಗುತ್ತದೆ ಅಂದ್ರಲ್ಲ, ಅಲ್ಲಿಗೆ ಭೂಮಿ ತಿರುಗುವುದೇ ಕಾರಣ ಅಂತ ಆಯಿತು. ನಾನು ಗೆದ್ದೆ.

ಭೂಗೋಳ ಮೇಷ್ಟ್ರು
ಹೆಲಿಕಾಪ್ಟರ್‌ಗೆ ಸೊನ್ನೆ ಮಾರ್ಕ್ಸ್. ಉಳಿದದ್ದಕ್ಕೆ ಪಾಸು.

ರನ್‌ವೇ ರಾಯ
ಚಳಿಗಾಲದ ಮಾತು ಬಂದಿದ್ದಕ್ಕೆ ಎರಡು ಉದಾಹರಣೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿ ಬಂದಾಗ ನ್ಯೂಯಾರ್ಕ್‌ನಿಂದ ಲಂಡನ್‌ಗೆ ಒಂದು 747 ವಿಮಾನ 4 ಗಂಟೆ 56 ನಿಮಿಷದಲ್ಲಿ ಹೋಯಿತು. ಮಾಮೂಲಿಗೆ ಆರು ಆರೂವರೆ ಗಂಟೆ ಬೇಕು. 2024ರ ಫೆಬ್ರವರಿಯಲ್ಲಿ ವಾಷಿಂಗ್ಟನ್‌ನಿಂದ ಲಂಡನ್‌ಗೆ ಹೊರಟ ಡ್ರೀಮ್‌ಲೈನರ್ ಒಂದು ಹೊತ್ತಿನಲ್ಲಿ ನೆಲದ ಲೆಕ್ಕಕ್ಕೆ ಗಂಟೆಗೆ 1,290 ಕಿ.ಮೀ. ಮುಟ್ಟಿತ್ತು. ಶಬ್ದದ ವೇಗ ದಾಟಿತು ಅಂತ ಟಿವಿಯವರು ಕೂಗಿದರು. ದಾಟಿರಲಿಲ್ಲ, ಸುತ್ತಲಿನ ಗಾಳಿಯ ಲೆಕ್ಕಕ್ಕೆ ಅದು ಎಂದಿನ ವೇಗದಲ್ಲೇ ಇತ್ತು.

ಮಲೆನಾಡ್ ಮಳೆ
ಜೆಟ್ ಸ್ಟ್ರೀಮ್ ಕಂಡುಹಿಡಿದ ಕಥೆ ಇನ್ನೂ ಮಜಾ ಇದೆ. 1920ರ ದಶಕದಲ್ಲಿ ಜಪಾನಿನ ವಾಸಬುರೋ ಓಯಿಶಿ ಎನ್ನುವ ಹವಾಮಾನ ವಿಜ್ಞಾನಿ ಬಲೂನು ಬಿಟ್ಟು ಇದನ್ನು ಅಳೆದಿದ್ದರು. ಪ್ರಪಂಚಕ್ಕೆಲ್ಲ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೋ ಅನ್ನುವ, ಎಲ್ಲ ದೇಶದವರಿಗೂ ಅಂತ ಕಟ್ಟಿದ ಭಾಷೆಯಲ್ಲಿ ಬರೆದರು. ಯಾರೂ ಓದಲಿಲ್ಲ! 1944ರಲ್ಲಿ ಅಮೆರಿಕಾದ ಬಿ-29 ಬಾಂಬರ್‌ಗಳು ಜಪಾನಿನ ಮೇಲೆ ಅಷ್ಟು ಎತ್ತರದಲ್ಲಿ ಹಾರಿ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಅವರಿಗೆ ಬುದ್ಧಿ ಬಂತು.

ಕಡಲ ತಡಿ
ವಿಷಯಕ್ಕೆ ಬರೋಣ. ದೂರ ಕಮ್ಮಿ ಇದ್ದರೆ ಟೈಮೂ ಕಮ್ಮಿ, ದುಡ್ಡೂ ಕಮ್ಮಿ. ಕಂಪನಿಯವರೇನು ದಡ್ಡರಾ ಸುತ್ತಿಕೊಂಡು ಹೋಗೋಕೆ? ಮ್ಯಾಪಿನಲ್ಲಿ ಗೆರೆ ಎಳೆದರೆ ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್, ನಂತರ ಅಮೆರಿಕಾ. ನೇರ ದಾರಿ ಅದೇ.

ಭೂಗೋಳ ಮೇಷ್ಟ್ರು
ಗೋಡೆಯ ಮೇಲಿನ ಮ್ಯಾಪಿನಲ್ಲಿ ಗೆರೆ ಎಳೆಯಬೇಡಿ ಸ್ವಾಮಿ. ಗ್ಲೋಬ್ ತಗೊಳ್ಳಿ, ಹೊಲಿಗೆ ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಎಳೆದು ಬಿಗಿ ಮಾಡಿ. ನೀವು ಆಫ್ರಿಕಾ ಮೇಲೆ ಇಟ್ಟರೂ ಬಿಗಿ ಮಾಡುತ್ತಿದ್ದ ಹಾಗೆ ದಾರ ಜಾರಿ ಜಾರಿ ಉತ್ತರಕ್ಕೆ ಹೋಗುತ್ತದೆ. ಮಧ್ಯ ಭಾರತ, ನೇಪಾಳ, ಚೀನಾ, ಸೈಬೀರಿಯಾದ ಪೂರ್ವ ಭಾಗ, ಅಲಾಸ್ಕಾ, ಆಮೇಲೆ ಕೆಳಗೆ. ಕಾರಣ ಸರಳ. ಬೆಂಗಳೂರು ಸುಮಾರು 78 ಡಿಗ್ರಿ ಪೂರ್ವ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮ. ಕೂಡಿಸಿದರೆ 200. ಅಂದರೆ ಆ ಊರು ಭೂಮಿಯ ಹೆಚ್ಚು ಕಮ್ಮಿ ಆ ಬದಿಯಲ್ಲೇ ಇದೆ, ನೆತ್ತಿಯ ಕಡೆಯಿಂದ ಹೋಗುವುದೇ ಹತ್ತಿರ.

ಧ್ರುವ ತಾರೆ
ಹೌದು, ಅದು ಉತ್ತರ ಧ್ರುವದ ಮೇಲೇ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಹಾಗೇ ಬಂತಲ್ಲ. ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರು, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ತಂಡ. ಎಷ್ಟು ಸುದ್ದಿಯಾಗಿತ್ತು!

ರನ್‌ವೇ ರಾಯ
ಆ ವಿಮಾನ ಧ್ರುವದ ಮೇಲೆ ಬಂದದ್ದು ನಿಜ. ಆದರೆ ಅತಿ ಹತ್ತಿರದ ದಾರಿ ಧ್ರುವಕ್ಕೆ ಹೋಗುವುದಿಲ್ಲ, ಸುಮಾರು 71 ಡಿಗ್ರಿ ಉತ್ತರಕ್ಕೆ ಹೋಗಿ ಬಾಗುತ್ತದೆ. ಅಲ್ಲಿಂದ ಧ್ರುವ ಇನ್ನೂ 2,000 ಕಿ.ಮೀ. ಮೇಲೆ. ಧ್ರುವ ಮುಟ್ಟುವುದು ಅವತ್ತಿನ ಗಾಳಿ ನೋಡಿ. ವಾಪಸ್ ಬರುವಾಗ ಪೆಸಿಫಿಕ್ ಕಡೆ ಎದುರುಗಾಳಿ ಜೋರಾಗಿದ್ದರೆ ಧ್ರುವದ ಕಡೆಯಿಂದ ತಪ್ಪಿಸಿಕೊಂಡು ಬರುತ್ತಾರೆ. ಅದಕ್ಕೇ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. "ದಾರಿ ಒಂದೇ ತಾನೇ" ಅನ್ನುವಲ್ಲೇ ನಿಮ್ಮ ಅಪ್ಪನ ಲೆಕ್ಕ ಎಡವಿದೆ.

ನಿಜವಾಗಿ ಧ್ರುವದ ಪಕ್ಕ ಹೋಗಬೇಕಾದರೆ ದುಬೈನಿಂದ ಹತ್ತಿ. ದುಬೈಗೂ ಸ್ಯಾನ್ ಫ್ರಾನ್ಸಿಸ್ಕೋಗೂ ರೇಖಾಂಶದ ವ್ಯತ್ಯಾಸ ಸುಮಾರು 178 ಡಿಗ್ರಿ. ದಾರ ಎಳೆದರೆ ಧ್ರುವದಿಂದ 200 ಕಿ.ಮೀ. ಆಸುಪಾಸಿನಲ್ಲಿ ಹಾಯುತ್ತದೆ.

ಕಡಲ ತಡಿ ಅವರಿಗೆ: ಕಂಪನಿಯವರು ದಡ್ಡರಲ್ಲ, ಅದಕ್ಕೇ ಸುತ್ತಿಕೊಂಡು ಹೋಗುತ್ತಾರೆ. 2016ರ ಅಕ್ಟೋಬರ್‌ನಲ್ಲಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಕಳಿಸಿದರು. ಅಟ್ಲಾಂಟಿಕ್ ದಾರಿ 13,900 ಕಿ.ಮೀ. ಚಿಲ್ಲರೆ, ಪೆಸಿಫಿಕ್ ದಾರಿ 15,300. ದೂರ 1,400 ಕಿ.ಮೀ. ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಗೆ ತಲುಪಿತು, ಮೊದಲಿಗಿಂತ ಬೇಗ. ಹಿಂದಿನಿಂದ ಗಾಳಿ ತಳ್ಳಿತು, ಇಂಧನವೂ ಉಳಿಯಿತು.

ಕಡಲ ತಡಿ
ಒಂದು ವಿಮಾನ ಒಂದು ದಿನ ಹೋದದ್ದನ್ನೇ ನಿಯಮ ಮಾಡಬೇಡಿ. ದೂರ ಕಮ್ಮಿ ಅಂದರೆ ಇಂಧನ ಕಮ್ಮಿ, ಇದು ಕಾಮನ್ ಸೆನ್ಸ್.

ರನ್‌ವೇ ರಾಯ
ಒಂದು ದಿನದ್ದಲ್ಲ ಸಾರ್. ಪ್ರತಿ ಹಾರಾಟಕ್ಕೂ ಕೆಲವು ಗಂಟೆ ಮೊದಲು ಅವತ್ತಿನ ಗಾಳಿ ನೋಡಿ ದಾರಿ ಹಾಕುತ್ತಾರೆ. ಆ ಕೆಲಸಕ್ಕೇ ಬೇರೆ ಜನ ಇದ್ದಾರೆ. ಸಾಫ್ಟ್‌ವೇರ್ ಹುಡುಕುವುದು ಒಟ್ಟು ಖರ್ಚು ಕಮ್ಮಿ ಆಗುವ ದಾರಿಯನ್ನು, ಕಿಲೋಮೀಟರ್ ಕಮ್ಮಿ ಇರುವುದನ್ನಲ್ಲ.

ಹುಬ್ಬಳ್ಳಿ ಹೈದ
ಸೀದಾ ಉತ್ತರಕ್ಕ ಅಂದ್ರ ಹಿಮಾಲಯ ಕಾಣ್ತದೇನ್ರಿ? ಕಿಟಕಿ ಸೀಟ್ ಯಾವ ಬದಿ ತಗೋಬೇಕು?

ಮಲೆನಾಡ್ ಮಳೆ
ಹಿಮಾಲಯ ಮತ್ತು ಟಿಬೆಟ್ ಕಡೆ ವಿಮಾನಗಳು ಆದಷ್ಟು ಹೋಗುವುದಿಲ್ಲ. ಎತ್ತರ ಸಾಲದು ಅಂತ ಅಲ್ಲ, ಎವರೆಸ್ಟ್‌ಗಿಂತ ಮೇಲೆಯೇ ಹಾರುತ್ತವೆ. ತೊಂದರೆ ಬೇರೆ. ಒಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ಕೂಡಲೇ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಸಬೇಕು. ಮೇಲಿನಿಂದ ಬೀಳುವ ಆ ಹಳದಿ ಮಾಸ್ಕ್‌ನಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿಗೆ ಸಾಕಾಗುವಷ್ಟು ಆಮ್ಲಜನಕ ಇರುತ್ತದೆ. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರ. ಎಲ್ಲಿಗೆ ಇಳಿಸೋದು? ಹೆಚ್ಚು ಆಮ್ಲಜನಕ ಹೊತ್ತು, ತಪ್ಪಿಸಿಕೊಳ್ಳುವ ದಾರಿ ಮೊದಲೇ ಗುರುತು ಮಾಡಿಕೊಂಡ ವಿಮಾನಗಳು ಮಾತ್ರ ಅಲ್ಲಿ ಹಾರುತ್ತವೆ. ಹಾಗಾಗಿ ದಾರ ಎಳೆದ ದಾರಿಗೂ ನಿಜವಾದ ದಾರಿಗೂ ಇಲ್ಲೇ ಒಂದು ಡೊಂಕು ಬರುತ್ತದೆ.

ಸನ್ನಿವೇಲ್ ಸೊಸೆ
ಅಪ್ಪ ಇದನ್ನೆಲ್ಲ ಓದುತ್ತಿದ್ದಾರೆ. ಮೊಮ್ಮಗನ ಗ್ಲೋಬ್ ಇಟ್ಟುಕೊಂಡು ಅಮ್ಮನ ಹೊಲಿಗೆ ಡಬ್ಬಿಯಿಂದ ದಾರ ತೆಗೆದಾಯಿತು. ಮುಂದಿನ ಪ್ರಶ್ನೆ ಬಂದಿದೆ: ಧ್ರುವದ ಹತ್ತಿರ ಅಷ್ಟು ಚಳಿಯಲ್ಲಿ ಇಂಧನ ಹೆಪ್ಪುಗಟ್ಟುವುದಿಲ್ಲವಾ? ಎಂಜಿನ್ ಕೆಟ್ಟರೆ ಎಲ್ಲಿ ಇಳಿಯುತ್ತಾರೆ?

ರನ್‌ವೇ ರಾಯ
ಅಪ್ಪನಿಗೆ ನನ್ನ ನಮಸ್ಕಾರ ಹೇಳಿ, ಸರಿಯಾದ ಕಡೆ ಕೈ ಇಟ್ಟಿದ್ದಾರೆ. ಜೆಟ್ ಎ-1 ಇಂಧನ ಹೆಪ್ಪುಗಟ್ಟುವ ಮಿತಿ ಮೈನಸ್ 47 ಡಿಗ್ರಿ. ಹೊರಗಿನ ಗಾಳಿ ಮೈನಸ್ 60, 65ಕ್ಕೂ ಹೋಗುತ್ತದೆ. ಟ್ಯಾಂಕ್ ರೆಕ್ಕೆಯಲ್ಲೇ ಇರುವುದರಿಂದ ನಿಧಾನಕ್ಕೆ ತಣ್ಣಗಾಗುತ್ತಾ ಬರುತ್ತದೆ. ಪೈಲಟ್‌ಗಳು ಇಂಧನದ ಉಷ್ಣತೆ ನೋಡುತ್ತಲೇ ಇರುತ್ತಾರೆ. ಮಿತಿಯ ಹತ್ತಿರ ಬಂದರೆ ಕೆಳಗೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿಯ ಉಜ್ಜುವಿಕೆ ಮತ್ತು ಒತ್ತಡಕ್ಕೆ ರೆಕ್ಕೆಯ ಮೈ ಬಿಸಿಯಾಗುತ್ತದೆ.

ಎಂಜಿನ್ ವಿಷಯಕ್ಕೆ ಕಟ್ಟುನಿಟ್ಟಾದ ನಿಯಮ ಇದೆ. ಎರಡು ಎಂಜಿನ್ ವಿಮಾನದಲ್ಲಿ ಒಂದು ಕೆಟ್ಟರೆ ಉಳಿದ ಒಂದರಲ್ಲಿ ಇಷ್ಟು ನಿಮಿಷದೊಳಗೆ ಯಾವುದಾದರೂ ಏರ್‌ಪೋರ್ಟ್ ಮುಟ್ಟಬೇಕು ಅಂತ. 1985ರಲ್ಲಿ 120 ನಿಮಿಷ ಇತ್ತು, ಮುಂದೆ 180 ಆಯಿತು. ಈಗ 777ರ ಕೆಲವು ಮಾದರಿಗೆ 330 ನಿಮಿಷದವರೆಗೆ ಅನುಮತಿ ಸಿಕ್ಕಿದೆ. ಸುಮ್ನೆ ಕೊಡುವುದಿಲ್ಲ, ಎಂಜಿನ್‌ನ ಹಳೇ ಜಾತಕ ಪೂರ್ತಿ ನೋಡಿಯೇ ಕೊಡುತ್ತಾರೆ.

ಧ್ರುವ ತಾರೆ
ಇಳಿದ ಮೇಲೆ ಕಥೆ ಮುಗಿಯುವುದಿಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದದ್ದು ನೆನಪಿದೆಯಾ? 216 ಪ್ರಯಾಣಿಕರು. ಅಷ್ಟು ಜನಕ್ಕೆ ಹೋಟೆಲ್ ಎಲ್ಲಿ ಬರಬೇಕು ಆ ಊರಲ್ಲಿ? ಶಾಲೆಯಲ್ಲೂ ಹಾಸ್ಟೆಲ್‌ನಲ್ಲೂ ಮಲಗಿದರು. ಬೇರೆ ವಿಮಾನ ಹೋಗಿ ಕರೆತರಬೇಕಾಯಿತು.

ಬೈಟೂ ಕಾಫಿ
ಅಮೆರಿಕಾದ ವಿಮಾನಗಳಿಗೆ ರಷ್ಯಾ ಮೇಲೆ ಹಾರುವಂತಿಲ್ಲ ಅಂತಾರೆ, ಇವರು ಹೇಗೆ ಹೋದರು?

ಮಲೆನಾಡ್ ಮಳೆ
2022ರ ಯುದ್ಧದ ನಂತರ ರಷ್ಯಾದ ಆಕಾಶ ಮುಚ್ಚಿದ್ದು ಅಮೆರಿಕಾ, ಯುರೋಪ್ ಮುಂತಾದ ಕಡೆಯ ಕಂಪನಿಗಳಿಗೆ. ಭಾರತದವರಿಗೆ, ಗಲ್ಫ್‌ನವರಿಗೆ ಬಾಗಿಲು ತೆರೆದೇ ಇತ್ತು. ಹೆಚ್ಚು ಏಟು ಬಿದ್ದದ್ದು ಫಿನ್‌ಲ್ಯಾಂಡಿನವರಿಗೆ. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯ ಆಸುಪಾಸು ಇದ್ದದ್ದು 13 ಆಯಿತು. ಅವರೂ ಧ್ರುವದ ಮೇಲೆ ಸುತ್ತು ಹಾಕಿದರು, ಪ್ರಯಾಣಿಕರಿಗೆ ಸಮಾಧಾನಕ್ಕೆ ಒಂದು ಸರ್ಟಿಫಿಕೇಟ್ ಕೊಟ್ಟರು.

ನಮ್ಮವರಿಗೂ ಬಿಸಿ ತಟ್ಟಿದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಯುರೋಪ್ ಕಡೆ ಹೋಗುವವು ಗುಜರಾತ್ ಕಡೆಯಿಂದ ಅರಬ್ಬೀ ಸಮುದ್ರಕ್ಕೆ ಇಳಿದು ಹೋಗಬೇಕಾಯಿತು.

ಪುಳಿಯೋಗರೆ ಪ್ರೇಮಿ
ಮೂಲ ಪ್ರಶ್ನೆ ಯಾರೂ ಮುಟ್ಟಲಿಲ್ಲ. ಯಾವ ಊರಿನ ಮೇಲೆ ಹತ್ತಿರ ಅಂತ ಕೇಳಿದ್ದರು. ಕೂತು ಲೆಕ್ಕ ಹಾಕಿದೆ, ಎಲ್ಲ ಅಂದಾಜು, ದಾರ ಎಳೆದ ದೂರ.

ದೆಹಲಿ ಮೇಲೆ 1,710 ಕೂಡಿಸು 12,380, ಒಟ್ಟು 14,090. ನೇರಕ್ಕೂ ಇದಕ್ಕೂ ಬರೀ ನೂರು ಕಿ.ಮೀ. ವ್ಯತ್ಯಾಸ! ದೆಹಲಿ ಇರುವುದು ದಾರಿಯ ಮೇಲೇ ಅಂತಾಯಿತು. ಹಾಂಗ್‌ಕಾಂಗ್ ಮೇಲೆ ಸುಮಾರು 15,000. ದುಬೈ ಮೇಲೆ 15,700. ಫ್ರಾಂಕ್‌ಫರ್ಟ್ ಮೇಲೆ 16,500. ಸಿಂಗಾಪುರದ ಮೇಲೆ 16,700 ಆಸುಪಾಸು.

ಈ ಗಾಳಿ ಪುರಾಣದ ನಂತರ ನನಗೆ ಅನಿಸುವುದು, ಬರುವಾಗ ಹಾಂಗ್‌ಕಾಂಗ್ ಒಳ್ಳೇದು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಗಾಳಿ ಹಿಂದಿನಿಂದ, ಹನ್ನೆರಡು ಹನ್ನೆರಡೂವರೆ ಗಂಟೆ. ಬೆಂಗಳೂರಿನಿಂದ ಹಾಂಗ್‌ಕಾಂಗ್‌ಗೆ ಐದೂವರೆ. ಆದರೆ ಹಾಂಗ್‌ಕಾಂಗ್ ಮೇಲೆಯೇ ವಾಪಸ್ ಬಂದರೆ ಉದ್ದದ ಹಾರಾಟವೇ 14–15 ಗಂಟೆ ಆಗುತ್ತದೆ.

ಕಾವೇರಿ ಅಕ್ಕ
ದೂರ ದೂರ ಅಂತ ಎಲ್ಲರೂ ಕಿಲೋಮೀಟರ್ ಎಣಿಸ್ತಾ ಇದ್ದೀರಿ. ಅವರ ಅಮ್ಮನ ಮಂಡಿ ಯಾರಿಗೂ ನೆನಪಿಲ್ಲ. ನಮ್ಮ ಅತ್ತೆ ಮಾವನನ್ನು ನೇರ ವಿಮಾನದಲ್ಲೂ ಕರೆಸಿದ್ದೇನೆ, ಇಳಿದು ಹತ್ತುವುದರಲ್ಲೂ ಕರೆಸಿದ್ದೇನೆ. ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂತು ಬಂದಾಗ ಅತ್ತೆಯ ಕಾಲು ಊದಿಕೊಂಡು ಚಪ್ಪಲಿಗೆ ಹೋಗುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಹೊರಗೆ ಬಂದರು, ಚಪ್ಪಲಿ ಮಾವನ ಕೈಯಲ್ಲಿ, ಕಾಲಿಗೆ ವಿಮಾನದಲ್ಲಿ ಕೊಟ್ಟ ಸಾಕ್ಸ್ ಮಾತ್ರ. ಇನ್ನೊಂದು ಸಲ ಮಧ್ಯೆ ಮೂರು ಗಂಟೆ ಬಿಡುವಿತ್ತು. ಓಡಾಡಿದರು, ಮುಖ ತೊಳೆದರು, ಮನೆಯಿಂದ ತಂದಿದ್ದ ಚಪಾತಿ ತಿಂದರು. ಒಟ್ಟು ಟೈಮ್ ಜಾಸ್ತಿಯಾದರೂ ಆರಾಮಾಗಿ ಬಂದರು.

ಏನೇ ಮಾಡಿ, ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ, ಎರಡೂ ಕಡೆಗೆ. ಬಿಗಿ ಸಾಕ್ಸ್ ಬೇಕಾ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಎರಡು ಗಂಟೆಗೊಮ್ಮೆ ಎದ್ದು ನಡೆಯಲಿ. ನಡುದಾರಿ ಪಕ್ಕದ ಸೀಟು ತಗೊಳ್ಳಿ. ಹಿಮಾಲಯ ನೋಡುವುದು ಹುಬ್ಬಳ್ಳಿಯವರಿಗೆ ಬಿಡಿ.

ಕಡಲ ತಡಿ
ಬದಲಿ ವಿಮಾನಕ್ಕೆ ಒಂದೂವರೆ ಗಂಟೆ ಮಾತ್ರ ಇರುವ ಟಿಕೆಟ್ ಅಗ್ಗಕ್ಕೆ ಸಿಗುತ್ತದೆ, ತಗೋಬೇಡಿ. ವಯಸ್ಸಾದವರು ಓಡೋಕಾಗಲ್ಲ. ಈ ವಿಷಯದಲ್ಲಿ ಕಾವೇರಿ ಅಕ್ಕ ಹೇಳಿದ್ದೇ ಸರಿ. ಗಾಳಿ ವಿಷಯ ನಾನು ಇನ್ನೂ ಒಪ್ಪಿಲ್ಲ.

ರನ್‌ವೇ ರಾಯ
ನೇರ ವಿಮಾನಕ್ಕೆ ಇನ್ನೊಂದು ಕಷ್ಟ ಇದೆ, ಅದು ಬೆಂಗಳೂರಿನದ್ದೇ. ದೇವನಹಳ್ಳಿ ಏರ್‌ಪೋರ್ಟ್ ಸಮುದ್ರ ಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಗಾಳಿ ತೆಳು, ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಹಿಡಿತ ಕಮ್ಮಿ, ಎಂಜಿನ್‌ಗೆ ಶಕ್ತಿ ಕಮ್ಮಿ. 777-200 ಎಲ್‌ಆರ್ ಟ್ಯಾಂಕ್ ತುಂಬಿದರೆ 1,80,000 ಲೀಟರ್ ಮೇಲೆ ಹಿಡಿಯುತ್ತದೆ, ಅದೇ ಸುಮಾರು 145 ಟನ್. ಅಷ್ಟು ಭಾರ ಎತ್ತಲು ಉದ್ದ ರನ್‌ವೇ ಬೇಕು. ಇಲ್ಲಿ 4,000 ಮೀಟರ್ ಇರುವುದರಿಂದ ಬಚಾವ್. ಇನ್ನೊಂದು ತಮಾಷೆ ಅಂದರೆ ಕೊನೆಯ ಎರಡು ಮೂರು ಗಂಟೆಗೆ ಬೇಕಾದ ಇಂಧನ ಹೊರುವುದಕ್ಕೇ ಮೊದಲ ಹನ್ನೆರಡು ಗಂಟೆ ಜಾಸ್ತಿ ಇಂಧನ ಸುಡಬೇಕು.

ಬೈಟೂ ಕಾಫಿ
ಹಳೇ ಎಚ್‌ಎಎಲ್ ಏರ್‌ಪೋರ್ಟೇ ಚೆನ್ನಾಗಿತ್ತು. ಇಂದಿರಾನಗರದಲ್ಲಿ ದೋಸೆ ತಿಂದು ಹದಿನೈದು ನಿಮಿಷಕ್ಕೆ ಒಳಗೆ.

ಹುಬ್ಬಳ್ಳಿ ಹೈದ
2008ಕ್ಕ ಮುಚ್ಚಿದ್ದಕ್ಕ ಇನ್ನೂ ಅಳ್ತೀರೇನ್ರಿ? ಹೊಸ ಟರ್ಮಿನಲ್ ನೋಡ್ರಿ, ತೋಟದಾಗ ವಿಮಾನ ಹತ್ತಿದಂಗ ಆಗ್ತದ.

ಧ್ರುವ ತಾರೆ
ಪ್ರಪಂಚದ ಅತಿ ಉದ್ದದ ಹಾರಾಟ ಈಗ ಯಾವುದು? ಸಿಂಗಾಪುರ–ನ್ಯೂಯಾರ್ಕ್ ತಾನೇ?

ರನ್‌ವೇ ರಾಯ
ಹೌದು, 15,300 ಕಿ.ಮೀ. ಮೇಲೆ, ಹದಿನೆಂಟೂವರೆ ಗಂಟೆ ದಾಟುತ್ತದೆ. ಸಿಡ್ನಿ–ಲಂಡನ್ ನೇರ ಹಾರಾಟಕ್ಕೆ ಕ್ವಾಂಟಾಸ್‌ನವರು ಹೊರಟಿದ್ದಾರೆ, ಅದು 17,000 ಕಿ.ಮೀ. ಭೂಮಿಯ ಸುತ್ತಳತೆ 40,000. ಯಾವ ಎರಡು ಊರಿನ ನಡುವೆಯೂ 20,000ಕ್ಕಿಂತ ಜಾಸ್ತಿ ದೂರ ಇರಲು ಸಾಧ್ಯವೇ ಇಲ್ಲ. ಹಾಗಾಗಿ ಅದರಾಚೆ ಮುರಿಯಬೇಕಾದ ದಾಖಲೆ ಜಾಸ್ತಿ ಉಳಿದಿಲ್ಲ.

ಸನ್ನಿವೇಲ್ ಸೊಸೆ
ಗಾಳಿ ವಿಷಯ ಅಪ್ಪ ಒಪ್ಪಿದ್ದಾರೆ. ದೆಹಲಿ ದಾರಿಯ ಮೇಲೇ ಇದೆ ಅನ್ನುವುದನ್ನು ಮಾತ್ರ ಇನ್ನೊಮ್ಮೆ ಅವರೇ ಅಳೆಯುತ್ತಾರಂತೆ. ಈಗ ಅಮ್ಮನ ಪ್ರಶ್ನೆ. ಅವರು ಏಕಾದಶಿ ಮಾಡುತ್ತಾರೆ. ವಾಪಸ್ ಹೋಗುವಾಗ ಒಂದು ದಿನ ಮಾಯ ಆಗುತ್ತದಲ್ಲ, ಆ ದಿನವೇ ಏಕಾದಶಿ ಬಂದರೆ ಉಪವಾಸ ಯಾವ ಊರಿನ ಲೆಕ್ಕಕ್ಕೆ?

ಭೂಗೋಳ ಮೇಷ್ಟ್ರು
ದಿನ ಮಾಯ ಆಗುವುದು ಕ್ಯಾಲೆಂಡರಿನಲ್ಲಿ ಮಾತ್ರ. ಆ ಮೊದಲ ವಿಮಾನದ್ದೇ ತಗೊಳ್ಳಿ. ವೇಳಾಪಟ್ಟಿಯ ಪ್ರಕಾರ ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟು 11ರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು. ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ವ್ಯತ್ಯಾಸ, ಅಂದರೆ ಹೊರಟಾಗ ಇಲ್ಲಿ 10ರ ಬೆಳಿಗ್ಗೆ ಹತ್ತು ಗಂಟೆ. ಹಾರಿದ್ದು ಹದಿನೇಳು ಮುಕ್ಕಾಲು ಗಂಟೆ. ಬೇಸಿಗೆಯಲ್ಲಿ ವ್ಯತ್ಯಾಸ ಹನ್ನೆರಡೂವರೆ. ತಿಥಿಯ ವಿಷಯ ಪಂಚಾಂಗದವರನ್ನೇ ಕೇಳಿ.

ಕಾವೇರಿ ಅಕ್ಕ
ನಮ್ಮತ್ತೆ ಹತ್ತಿದ ಊರಿನ ಸೂರ್ಯೋದಯದ ಲೆಕ್ಕ ಹಿಡಿಯುತ್ತಾರೆ. ವಿಮಾನದಲ್ಲಿ ಹಣ್ಣು ತಿಂದು, ಇಳಿದು ಸ್ನಾನ ಮಾಡಿ ಊಟ. ಮಠದಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಪುಳಿಯೋಗರೆ ಪ್ರೇಮಿ
ಹಣ್ಣಿನ ಊಟ ಬೇಕಾದರೆ ಕನಿಷ್ಠ ಎರಡು ದಿನ ಮೊದಲೇ ಬುಕ್ ಮಾಡಿ. ಹತ್ತಿದ ಮೇಲೆ ಕೇಳಿದರೆ ಬನ್ನು ಬೆಣ್ಣೆಯೇ ಗತಿ.

ಬೈಟೂ ಕಾಫಿ
ಬೆಂಗಳೂರು–ಸಿಡ್ನಿಗೂ ಹೀಗೇನಾ? ತಂಗಿ ಅಲ್ಲಿದ್ದಾಳೆ.

ರನ್‌ವೇ ರಾಯ
ಅಲ್ಲೂ ಹೀಗೇ. ದಕ್ಷಿಣಾರ್ಧದಲ್ಲೂ ಮೇಲಿನ ಗಾಳಿ ಪಶ್ಚಿಮದಿಂದಲೇ ಬೀಸುವುದು. ಹೋಗುವುದು ಬೇಗ, ಬರುವುದು ನಿಧಾನ. ಬೇರೆ ದಾರ ಹಾಕಿ, ಅಲ್ಲಿ ಮಾತಾಡೋಣ.